ಕೂಮ್‌ಡುವ್‌ನ ಮೊದಲ ಹೊಗೆ

ಮೇ ಒಂದನೇ ತಾರೀಖಿನ ಬೆಳಿಗ್ಗೆ ಕೂಮ್‌ಡುವ್‌ನಲ್ಲಿ ಯಾರೂ ಮೊದಲು ಒಲೆ ಹಚ್ಚುವುದಿಲ್ಲ. ಹಾಗಾದರೆ ಎರಡನೆಯವರು ಹೇಗೆ ಹಚ್ಚುತ್ತಾರೆ ಅಂತ ಕೇಳಬೇಡಿ. ಆ ಲೆಕ್ಕ ನಮ್ಮ ಅಜ್ಜಂದಿರಿಗೂ ಬಿಡಿಸಲಾಗಲಿಲ್ಲ, ನಮಗೂ ಆಗಿಲ್ಲ. ಬುದ್ಧಿವಂತಿಕೆಗೆ ನಮ್ಮೂರು ಯಾವತ್ತೂ ಹೆಸರಾದದ್ದಲ್ಲ.

ಚಳಿಗಾಲ ಹೊಸ್ತಿಲು ದಾಟಿ ಹೋಗುವ, ಬೇಸಿಗೆ ಒಳಗೆ ಬರುವ ದಿನ ಅದು. ಅವತ್ತು ಗುಡ್ಡದವರು ಚಳಿಗಾಲದ ಮನೆ ಖಾಲಿ ಮಾಡಿ ಬೇಸಿಗೆಯ ಮನೆಗೆ ಹೊರಡುತ್ತಾರೆ. ಗುಡ್ಡದವರು ಅಂದರೆ ಯಾರು ಅಂತ ಬಿಡಿಸಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ರಾತ್ರಿ ಹೊತ್ತು ಹಾವನ್ನು ಹುಳ ಅನ್ನುತ್ತಾರಲ್ಲ, ಹಾಗೆ ನಾವು ಅವರನ್ನು ಗುಡ್ಡದವರು ಅಂತಲೋ, ಎದುರಿಗೇ ಇದ್ದಾರೇನೋ ಅನ್ನಿಸಿದರೆ 'ಒಳ್ಳೇ ಜನ' ಅಂತಲೋ ಕರೆದು ಸುಮ್ಮನಾಗುತ್ತೇವೆ. ಅವರು ನಮಗಿಂತ ಮೊದಲಿನಿಂದ ಇಲ್ಲಿದ್ದವರು. ನೋಡಲು ಚೆಂದ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಹೊಸ ಮನೆಗೆ ಹೋಗುವವರಿಗೆ ಹೊಸ ಬೆಂಕಿ ಬೇಕಲ್ಲ. ಯಾರ ಮನೆಯ ಹೊಗೆ ಮೊದಲು ಏಳುತ್ತದೋ ಅಲ್ಲಿಗೆ ಬರುತ್ತಾರೆ. ಆ ಹೊಗೆಯ ಜೊತೆ ಆ ಮನೆಯ ವರ್ಷದ ಬೆಣ್ಣೆ ಹೋಯಿತು, ಭಾಗ್ಯ ಹೋಯಿತು, ಒಮ್ಮೊಮ್ಮೆ ತೊಟ್ಟಿಲಲ್ಲಿ ಮಲಗಿದ ಕೂಸೂ ಹೋಯಿತು. ಇನ್ನು ಅವತ್ತು ಬಾಗಿಲಿಗೆ ಬಂದು ಬೆಂಕಿ ಕೇಳಿದವರಿಗೆ ಕೊಟ್ಟರಂತೂ ಮುಗಿದೇ ಹೋಯಿತು. ಮನೆಯ ಬೀಗದ ಕೈಯನ್ನೇ ಕೊಟ್ಟ ಹಾಗೆ.

ಇದನ್ನೆಲ್ಲ ನಂಬದವನು ಊರಿಗೆ ಒಬ್ಬನೇ, ಟೈಗ್ ಡಿನೀನ್. ಪೇಪರ್ ಓದುವವನು. ಕಮ್ಮಾರನ ಅಂಗಡಿಯ ಮುಂದೆ ಕೂತು, "ಕಾಲ ಎಲ್ಲಿಗೆ ಹೋಯ್ತು, ನೀವಿನ್ನೂ ಗುಡ್ಡ, ಹೊಗೆ ಅಂತ ಕೂತಿದೀರಿ," ಅಂತ ಊರಿಗೆಲ್ಲ ಬುದ್ಧಿ ಹೇಳುವವನು. ಈ ಸಲ ಮೇ ಒಂದರ ಹಿಂದಿನ ಸಂಜೆ ಅದೇ ಟೈಗ್, ಗುಡ್ಡದವರು ಹತ್ತಿರ ಬಾರದಿರಲಿ ಅಂತ ಹೊಸ್ತಿಲ ಮೇಲೆ ಹಳದಿ ಹೂ ಸುರಿದಿದ್ದ, ಕಡೆಗೋಲಿಗೆ ರೋವನ್ ಮರದ ಕಡ್ಡಿ ಕಟ್ಟಿದ್ದ, ಒಲೆಯ ಕೆಂಡದ ಮೇಲೆ ಎರಡು ಮೊರ ಬೂದಿ ಹೊದಿಸಿ ಮಲಗಿದ್ದ. ಹೆಂಡತಿಯ ಸಮಾಧಾನಕ್ಕೆ ಅಂತ ತನಗೆ ತಾನೇ ಹೇಳಿಕೊಂಡಿದ್ದ. ಹೆಂಡತಿ ಗಾಬ್ನೆಟ್ ಇವನನ್ನು ಏನೂ ಕೇಳಿರಲಿಲ್ಲ.

ಟೈಗ್‌ಗೆ ಕಾರಣವಿತ್ತು. ಹಿಂದಿನ ವರ್ಷ ಊರಿನಲ್ಲಿ ಮೊದಲು ಹೊಗೆ ಎದ್ದದ್ದು ಇವನ ಮನೆಯಿಂದಲೇ. ಇವನು ಇನ್ನೂ ಮಲಗಿದ್ದಾಗ ಗಾಬ್ನೆಟ್ ಎದ್ದು, ತಾರೀಖು ಮರೆತು ಚಹಾ ಮಾಡಿಬಿಟ್ಟಿದ್ದಳು. ಆಮೇಲೆ ವರ್ಷವಿಡೀ ಕಡೆದರೂ ಮಜ್ಜಿಗೆಯ ಮೇಲೆ ಬೆಣ್ಣೆ ತೇಲಲಿಲ್ಲ. ಆ ಹೊಗೆಗೆ ಮುಂಚಿನ ಏಪ್ರಿಲ್‌ನಲ್ಲೇ ಟೈಗ್ ದನದ ಸಂತೆಯಿಂದ ಒಂದು ಹಸು ತಂದಿದ್ದ ಅನ್ನುವುದನ್ನೂ ಇಲ್ಲಿ ಹೇಳಬೇಕು. ಬಿಳಿ ಮುಖದ, ಉದ್ದ ರೆಪ್ಪೆಯ, ನೋಡಿದವರೆಲ್ಲ ಕಣ್ಣರಳಿಸುವಂಥ ಹಸು. ಕೆಚ್ಚಲ ಕೆಳಗೆ ಪಾತ್ರೆ ಹಿಡಿದರೆ ಮಾತ್ರ ಮುಖ ತಿರುಗಿಸಿಕೊಳ್ಳುತ್ತಿತ್ತು. ಸಂತೆಯಲ್ಲಿ ಅದನ್ನು ಕೊಳ್ಳುವಾಗ ಪಕ್ಕದ ಮನೆಯ ಕಾನ್ ಲೂಸಿ ಟೈಗ್‌ನ ಕಿವಿಯಲ್ಲಿ ಒಂದು ಮಾತು ಹೇಳಿದ್ದ. ಆ ಮಾತನ್ನು ಟೈಗ್ ಯಾರ ಮುಂದೆಯೂ ಎತ್ತಿರಲಿಲ್ಲ, ಹೆಂಡತಿಯ ಮುಂದೆಯೂ ಇಲ್ಲ. ಅವತ್ತಿನಿಂದ ಕಾನ್ ಜೊತೆ ಮಾತು ಬಿಟ್ಟಿದ್ದ. ಬೆಣ್ಣೆ ಬಾರದೆ ಹೋದಾಗ, "ಎಲ್ಲ ಆ ಮೊದಲ ಹೊಗೆಯ ಕೆಲಸ, ನಮ್ಮ ಬೆಣ್ಣೆ ಈಗ ಯಾರ ಮನೆ ಗಡಿಗೆಯಲ್ಲಿದೆಯೋ ನನಗೆ ಗೊತ್ತು," ಅಂತ ಕಾನ್ ಮನೆಯ ಕಡೆ ಗದ್ದ ತಿರುಗಿಸಿ ಹೇಳಿದ್ದ. ಗುಡ್ಡದವರು ಇಲ್ಲದಿದ್ದರೆ ಟೈಗ್‌ನಂಥವರ ಗತಿ ಏನು ಹೇಳಿ. ತಪ್ಪನ್ನೆಲ್ಲ ತಾವೇ ಹೊರಬೇಕಾಗುತ್ತಿತ್ತು.

ಈ ವರ್ಷ ಹಾಗಾಗಬಾರದು ಅಂತ ಟೈಗ್ ನಸುಕಿಗೇ ಎದ್ದು ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಬೇಸಿಗೆ ಬಂತು ಅನ್ನುವುದು ಹೆಸರಿಗೆ. ಹೊಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಊರಿನ ಒಂದು ಚಿಮಣಿಯಲ್ಲೂ ಹೊಗೆಯಿರಲಿಲ್ಲ. ಪ್ರತಿ ಕಿಟಕಿಯ ಹಿಂದೆಯೂ ಒಂದೊಂದು ಮೂಗು ಹೀಗೇ ಒತ್ತಿಕೊಂಡಿದೆ ಅನ್ನುವುದು ಅವನಿಗೆ ಗೊತ್ತಿತ್ತು.

ಗಾಬ್ನೆಟ್ ಶಾಲು ಹೊದ್ದು, ಬೂದಿ ಮುಚ್ಚಿದ ಒಲೆಯ ಮುಂದೆ ಕೂತಿದ್ದಳು.

"ಟೈಗ್, ಚಹಾ," ಅಂದಳು.

"ಇರು. ಕಾನ್ ಮನೇದು ಮೊದಲು ಏಳಲಿ."

"ಅವನೂ ನಿನ್ನ ಮನೇದು ಏಳಲಿ ಅಂತ ಕೂತಿರ್ತಾನೆ."

"ಕೂರಲಿ. ನನಗೆ ತಾಳ್ಮೆ ಇದೆ."

"ನಿನಗೆ ತಾಳ್ಮೆ ಬರೋದು ನನ್ನ ಚಹಾ ವಿಷಯಕ್ಕೆ ಮಾತ್ರ. ಇದನ್ನೆಲ್ಲ ನಂಬಲ್ಲ ಅಂತೀಯಲ್ಲ ಮಾರಾಯ, ಹಚ್ಚು ಮತ್ತೆ."

"ನಂಬಲ್ಲ. ಹಾಗಂತ ಅವರ ಮನಸ್ಸಿಗೆ ಯಾಕೆ ಸುಮ್ನೆ ಬೇಜಾರು ಮಾಡಬೇಕು?"

ಗಾಬ್ನೆಟ್ ಮಾತ್ರ ಹಾಗಲ್ಲ. ಅವಳು ನಂಬುವವಳು. ಎರಡು ಮಾತಿಲ್ಲದೆ, ಕೈಮುಗಿದು ನಂಬುವವಳು. ರಾತ್ರಿ ಕಾಲು ತೊಳೆದ ನೀರು ಚೆಲ್ಲುವಾಗಲೂ ಅಲ್ಲಿ ಯಾರಾದರೂ ಹಾದು ಹೋಗುತ್ತಿದ್ದಾರು ಅಂತ ಕೂಗಿ ಹೇಳಿಯೇ ಚೆಲ್ಲುವವಳು. ಅವಳು ಚಳಿಗೆ ಕೈ ಉಜ್ಜಿಕೊಳ್ಳುತ್ತ, ಮೂಲೆಯ ತೊಟ್ಟಿಲಿನಿಂದ ಬಿತ್ತನೆ ಆಲೂಗಡ್ಡೆ ಆರಿಸತೊಡಗಿದಳು. ಮದುವೆಯಾದ ವರ್ಷ ಟೈಗ್ ತಾನೇ ಹಲಗೆ ಕೊಯ್ದು ಮಾಡಿದ ತೊಟ್ಟಿಲು ಅದು. ಅದರಲ್ಲಿ ಎಂದೂ ಮಗು ಮಲಗಲಿಲ್ಲ. ಒಂದು ವರ್ಷ ಯಾರೋ ಅದಕ್ಕೆ ಆಲೂಗಡ್ಡೆ ಹಾಕಿದರು. ಯಾರು ಹಾಕಿದ್ದು ಅಂತ ಇಬ್ಬರೂ ಕೇಳಿಕೊಳ್ಳಲಿಲ್ಲ.

ಅಷ್ಟರಲ್ಲಿ ಕಾನ್ ಲೂಸಿ ಹೊಲ ದಾಟಿ ಬರುವುದು ಕಾಣಿಸಿತು. ಟೋಪಿಯಿಲ್ಲ, ಅಂಗಿಯ ಗುಂಡಿ ಹಾಕಿಲ್ಲ. ಬಾಗಿಲ ಕೆಳಗಿನ ಅರ್ಧ ಮುಚ್ಚಿತ್ತು, ಮೇಲಿನ ಅರ್ಧ ತೆರೆದಿತ್ತು. ಕಾನ್ ಬಂದು ಅದರ ಮೇಲೆ ಮೊಣಕೈ ಊರಿ ನಿಂತ. ವರ್ಷದಿಂದ ಮಾತಿಲ್ಲದವರು. ಇಬ್ಬರೂ ನೆಲ ನೋಡಿದರು.

"ಚಳಿ," ಅಂದ ಕಾನ್.

"ಹೂಂ. ಚಳಿ," ಅಂದ ಟೈಗ್.

"ಬೇಸಿಗೆ ಬಂತಂತೆ."

"ಬಂತಂತೆ. ಕ್ಯಾಲೆಂಡರಲ್ಲಿ ಹಾಕಿದಾರೆ."

ಬಂದ ಕೆಲಸವನ್ನು ಬಂದ ಕೂಡಲೇ ಹೇಳಿಬಿಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಮಳೆಬೆಳೆ ವಿಚಾರಿಸುತ್ತೇವೆ. ಆದರೆ ಕಾನ್‌ನ ಗಡ್ಡ ನಡುಗುತ್ತಿತ್ತು, ಅದು ಚಳಿಗಲ್ಲ ಅಂತ ಟೈಗ್‌ಗೂ ಗೊತ್ತಾಯಿತು.

"ಟೈಗ್," ಅಂದ ಕಾನ್, "ಒಂದಿಷ್ಟು ಬೆಂಕಿ ಬೇಕಿತ್ತು."

ಟೈಗ್ ಬಾಗಿಲ ಅಗುಳಿ ಹಿಡಿದುಕೊಂಡ. ಮೇ ಒಂದನೇ ತಾರೀಖಿನ ಬೆಳಿಗ್ಗೆ ಬೆಂಕಿ ಕೇಳುವುದೇ? ಕಾನ್ ಹುಟ್ಟಿದ್ದು ಇದೇ ಊರಲ್ಲಿ, ಅವನಿಗೆ ಗೊತ್ತಿಲ್ಲವೇ? ನಿಜವಾದ ಕಾನ್ ಕೇಳುತ್ತಿದ್ದನೇ? ಗುಡ್ಡದವರಿಗೆ ಯಾರ ರೂಪ ಬೇಕಾದರೂ ಬರುತ್ತದೆ, ಅದರಲ್ಲೂ ಗುರುತಿನವರ ರೂಪ. ಟೈಗ್ ಕಾನ್‌ನ ಕಾಲು ನೋಡಿದ. ಬೂಟು ಕಾನ್‌ದೇ, ಎಡಗಾಲಿನ ಹೊಲಿಗೆ ಬಿಚ್ಚಿತ್ತು. ಆದರೆ ಬೂಟು ಕದಿಯುವುದು ಅವರಿಗೇನು ಕಷ್ಟ.

ಒಳಗಿನಿಂದ ಗಾಬ್ನೆಟ್ ಎದ್ದು ಬಂದಳು. "ಮಗಳು ಜೂಲಿಯಾಗೆ ಹೆರಿಗೆ ಆಯ್ತಾ?"

"ಆಯ್ತು ಅಕ್ಕಾ. ಈಗಷ್ಟೇ. ಹೆಣ್ಣು." ಕಾನ್ ಅಂಗೈ ಬಿಡಿಸಿ ತೋರಿಸಿದ. "ದಿನ ತುಂಬಿರಲಿಲ್ಲ. ಇಷ್ಟೇ ಇದೆ, ನನ್ನ ಅಂಗೈಯಷ್ಟು. ಅಳ್ತಾನೂ ಇಲ್ಲ ಸರಿಯಾಗಿ. ಅಳಿಯ ಡಾಕ್ಟರನ್ನ ಕರ್ಕೊಂಡು ಬರ್ತೀನಿ ಅಂತ ಗಾಡಿ ಕಟ್ಕೊಂಡು ಹೋಗಿದಾನೆ. ಹೆರಿಗೆ ಮಾಡಿಸಿದ ಹ್ಯಾನಾ ಅಜ್ಜಿ ಬೆಂಕಿ ಕೊಡಿ, ಶಾಖ ಕೊಡಿ ಅಂತ ಬಡ್ಕೋತಿದಾಳೆ. ಶಾಖ ಇಲ್ಲದೆ ಇದ್ರೆ ಮಗು ಮಧ್ಯಾಹ್ನ ಕಾಣಲ್ಲ ಅಂದ್ಲು."

"ನಿನ್ನ ಒಲೆಗೇನಾಯ್ತು?" ಅಂದ ಟೈಗ್.

ಕಾನ್ ಇನ್ನೊಮ್ಮೆ ನೆಲ ನೋಡಿದ. "ನೀರು ಸುರಿದೆ. ನಿನ್ನೆ ಸಂಜೆ. ನಸುಕಲ್ಲಿ ಎಲ್ಲಾದ್ರೂ ಹೊಗೆ ಎದ್ದುಬಿಟ್ಟೀತು ಅಂತ ಒಂದು ಬಕೆಟ್ ಪೂರ್ತಿ ಸುರಿದೆ. ಉರಿಸೋ ಹೆಂಟೆ ಬುಟ್ಟಿಗೂ ಬಿತ್ತು, ಗೂಡಲ್ಲಿದ್ದ ಬೆಂಕಿಪೊಟ್ಟಣಕ್ಕೂ ಬಿತ್ತು. ಮೇಲಿನ ಎರಡು ಮನೆಗೂ ಹೋಗಿ ಬಂದೆ. ಒಳಗೆ ಕೆಮ್ತಾ ಇದಾರೆ, ಬಾಗಿಲು ಮಾತ್ರ ತೆಗೀಲಿಲ್ಲ."

ಕೇಳಿದಿರಲ್ಲ. ಬೂದಿ ಹೊದಿಸಿದವನು ಜಾಣ ಅಂದುಕೊಂಡಿದ್ದ, ಅವನಿಗಿಂತ ಜಾಣ ಬಕೆಟ್ ಸುರಿದಿದ್ದ. ಟೈಗ್‌ನ ಮನೆಯಲ್ಲೂ ಬೆಂಕಿಪೊಟ್ಟಣವಿರಲಿಲ್ಲ. ಅವನು ಜನ್ಮದಲ್ಲಿ ಬೆಂಕಿಪೊಟ್ಟಣ ಕೊಂಡವನಲ್ಲ, ಜಗಳವಾಗುವ ತನಕ ಕಾನ್‌ದನ್ನೇ ಉಪಯೋಗಿಸುತ್ತಿದ್ದ. ಇದ್ದದ್ದು ಬೂದಿಯ ಕೆಳಗಿನ ಆ ಕೆಂಡವೊಂದೇ.

ಆಗಲೇ ಟೈಗ್ ಓಡಿಹೋಗಿ ಕೆಂಡ ತೆಗೆದ ಅಂತ ಹೇಳಲು ನನಗೂ ಆಸೆ. ಆದರೆ ಅವನು ಹಾಗೆ ಮಾಡಲಿಲ್ಲ. ಅವನು ಹೆದರಿದ್ದ. ಪೇಪರ್ ಓದುವವನು, ಊರಿಗೆಲ್ಲ ಬುದ್ಧಿ ಹೇಳುವವನು, ಬಾಗಿಲ ಅಗುಳಿ ಹಿಡಿದುಕೊಂಡು ಹಳೆಯ ನೆರೆಯವನ ಮುಖವನ್ನೇ ಪರೀಕ್ಷೆ ಮಾಡುತ್ತ ನಿಂತಿದ್ದ. ತನ್ನ ಮೇಲೆ ತನಗೇ ನಾಚಿಕೆಯಾಗುತ್ತಿತ್ತು, ಆದರೂ ಕೈ ಅಗುಳಿ ಬಿಡಲಿಲ್ಲ.

"ಕಾನ್," ಅಂದ, "ತಪ್ಪು ತಿಳ್ಕೋಬೇಡ. ನೀನು ಕಾನೇ ಹೌದಾ?"

"ಏನು?"

"ದನದ ಸಂತೇಲಿ ನನ್ನ ಕಿವೀಲಿ ಏನಂದೆ ನೀನು? ನಿನಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಹೇಳು."

"ಲೇ, ಮಗು ಅಲ್ಲಿ..."

"ಹೇಳಯ್ಯಾ."

ಕಾನ್ ಗಾಬ್ನೆಟ್‌ಳನ್ನು ನೋಡಿದ, ಟೈಗ್‌ನನ್ನು ನೋಡಿದ. ಅವನ ಮುಖ ಕೆಂಪೇರಿತು. "ಆ ಹಸು ಕೊಳ್ಳೋ ಬದಲು ಗೇಟಿನ ಕಂಬ ಕರೆದ್ರೆ ಇದಕ್ಕಿಂತ ಜಾಸ್ತಿ ಹಾಲು ಬರುತ್ತೆ, ಕಂಬಕ್ಕೆ ಹುಲ್ಲೂ ಹಾಕ್ಬೇಕಾಗಿಲ್ಲ ಅಂದೆ. ರೆಪ್ಪೆ ನೋಡಿ ಹಸು ಕೊಳ್ಳೋನು ನಿನ್ನಂಥ ಮುಠ್ಠಾಳ ಒಬ್ಬನೇ ಅಂದೆ. ಬೆಲೆ ಹೇಳಿದೋನು ಆ ಕಡೆ ತಿರುಗಿ ನಗ್ತಾ ಇದಾನೆ ನೋಡು ಅಂತಾನೂ ಅಂದೆ. ಸಾಕಾ, ಇನ್ನೂ ಬೇಕಾ?"

ಗಾಬ್ನೆಟ್ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಕಾನೇ ಇವನು," ಅಂದ ಟೈಗ್, ಅಗುಳಿ ತೆಗೆಯುತ್ತ. "ಒಳ್ಳೇ ಜನ ಆಗಿದ್ರೆ ಇಷ್ಟು ಕೆಟ್ಟದಾಗಿ ಮಾತಾಡ್ತಿರಲಿಲ್ಲ."

ಮುಂದಿನದು ಕಾನೂನಿನ ತೊಡಕು. ಕೆಂಡ ಹೊರಗೆ ಕೊಡುವ ಹಾಗಿಲ್ಲ. ಟೈಗ್ ಒಲೆಯ ಮುಂದೆ ಮಂಡಿಯೂರಿ ಬೂದಿ ಕೆದಕುತ್ತಲೇ ಅದಕ್ಕೊಂದು ದಾರಿ ಹುಡುಕಿದ. "ನಾನು ಬೆಂಕಿ ಕೊಡ್ತಾ ಇಲ್ಲ," ಅಂದ ಜೋರಾಗಿ, ಕೇಳಿಸಿಕೊಳ್ಳಬೇಕಾದವರಿಗೆಲ್ಲ ಕೇಳಿಸಲಿ ಅಂತ. "ನನ್ನ ಬೆಂಕೀನ ನಾನು ಸ್ವಲ್ಪ ಗಾಳಿ ಸೇವನೆಗೆ ಕರ್ಕೊಂಡು ಹೋಗ್ತಾ ಇದೀನಿ. ಅದು ನನ್ನ ಕೈಲೇ ಇರುತ್ತೆ. ಎಲ್ಲಿ ಕೂತರೂ ಅದು ನಂದೇ."

ಬೂದಿ ಸರಿಸಿದಾಗ ಕೆಳಗೆ ಹೆಂಟೆಯೊಂದು ಕೆಂಪಗೆ ಉಸಿರಾಡುತ್ತಿತ್ತು. ಜೌಗಿನಿಂದ ಕಡಿದು ಒಣಗಿಸಿದ ನಮ್ಮ ಹೆಂಟೆಗೆ ಕಟ್ಟಿಗೆಯ ಅವಸರವಿಲ್ಲ, ರಾತ್ರಿಯೆಲ್ಲ ಬೂದಿಯೊಳಗೆ ಹಾಗೇ ಇರುತ್ತದೆ. ಜೊತೆಗೆ ಒಂದು ಎಳೆ ಹೊಗೆಯೂ ಎದ್ದಿತು. ಟೈಗ್ ಟೋಪಿ ತೆಗೆದು ಅದನ್ನು ಚಿಮಣಿಗೆ ಹೋಗದ ಹಾಗೆ ಕೋಣೆಯ ಕಡೆಗೆ ಬೀಸಿದ. ಬೀಸಿದ ಗಾಳಿಗೆ ಹೆಂಟೆ ಇನ್ನಷ್ಟು ಉರಿದು ಇನ್ನಷ್ಟು ಹೊಗೆ ಬಂತು. ಅವನು ಇನ್ನಷ್ಟು ಬೀಸಿದ. ಗಾಬ್ನೆಟ್ ಕೆಮ್ಮುತ್ತ, "ಹೋಗೋ ಮಹಾನುಭಾವ, ಹೋಗು," ಅಂತ ಇಕ್ಕಳ ಕೈಗೆ ಕೊಟ್ಟು ದೂಡಿದಳು. ಕಾನ್‌ನ ತೋಳಿಗೆ ಒಣ ಹೆಂಟೆಯ ಬುಟ್ಟಿ ತೂಗುಹಾಕಿದಳು. ಬಿಳಿ ಇಬ್ಬನಿಯ ಹೊಲದ ಮೇಲೆ ಟೈಗ್ ಆ ಹೆಂಟೆಯಿಂದ ಮುರಿದ ಅರ್ಧ ಕೆಂಡವನ್ನು ಇಕ್ಕಳದಲ್ಲಿ ಹಿಡಿದು, ಟೋಪಿಯನ್ನು ಅದಕ್ಕೆ ಮರೆಮಾಡಿಕೊಂಡು ಓಡಿದ. ಪ್ರತಿ ಕಿಟಕಿಯ ಮೂಗೂ ಅವನ ಹಿಂದೆಯೇ ತಿರುಗಿತು.

ಕಾನ್‌ನ ಮನೆ ಬಾವಿಯೊಳಗಿನ ಹಾಗೆ ತಣ್ಣಗಿತ್ತು. ಒಲೆಯಲ್ಲಿ ಬೂದಿ ಕೆಸರಾಗಿತ್ತು. ಒಳಕೋಣೆಯಲ್ಲಿ ಜೂಲಿಯಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳಿಗೆ ಏನು ಕೇಳಲೂ ಭಯ. ಸೂಲಗಿತ್ತಿ ಹ್ಯಾನಾ ಅಜ್ಜಿ ತನ್ನ ಮೇಲಂಗಿಯೊಳಗೆ ಎದೆಗೆ ಏನನ್ನೋ ಅವುಚಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದಳು. ಮಗುವಿಗೆ ಅಂತ ಬೀರುವಿನ ಖಾನೆಯೊಂದನ್ನು ಎಳೆದು, ಉಣ್ಣೆ ಹಾಸಿ ಇಟ್ಟಿದ್ದರು. ಇಷ್ಟು ಬೇಗ ಬೇಕಾಗುತ್ತದೆ ಅಂತ ಯಾರೂ ತೊಟ್ಟಿಲು ಮಾಡಿರಲಿಲ್ಲ.

"ಬಂದ್ರಾ ಗಂಡಸರು," ಅಂದಳು ಹ್ಯಾನಾ ಅಜ್ಜಿ. "ಊರಲ್ಲಿ ಯಾರ್ಯಾರ ಯೋಗಕ್ಷೇಮ ವಿಚಾರಿಸಿ ಬಂದ್ರಿ?"

ಟೈಗ್ ಕೆಸರು ಬಾಚಿ ಹಾಕಿದ. ಒಣ ಹೆಂಟೆ ಜೋಡಿಸಿ, ನಡುವೆ ಕೆಂಡವಿಟ್ಟು, ಕೆನ್ನೆ ನೋಯುವ ತನಕ ಊದಿದ. ಹೆಂಟೆಯ ಅಂಚು ಕೆಂಪಾಗತೊಡಗಿತು. ಕಾನ್ ಪಕ್ಕದಲ್ಲಿ ಕೂತು ಪುಳ್ಳೆ ಹಾಕುತ್ತಿದ್ದವನು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದ.

"ಟೈಗ್," ಅಂದ ಮೆಲ್ಲಗೆ, ಒಳಕೋಣೆಗೆ ಕೇಳದ ಹಾಗೆ. "ಮೊದಲ ಹೊಗೆ ನಮ್ಮನೇದಾಗುತ್ತೆ."

ಟೈಗ್ ಊದುವುದು ನಿಲ್ಲಿಸಿದ.

"ಬೆಣ್ಣೆ ಹೋದ್ರೆ ಹೋಗ್ಲಿ," ಅಂದ ಕಾನ್. "ಆದ್ರೆ ಇವತ್ತೇ ಹುಟ್ಟಿದ ಕೂಸು ಮನೇಲಿದೆ. ಅವರು ಹೊಗೆ ಹಿಡ್ಕೊಂಡು ಬಂದ್ರೆ ಬೆಣ್ಣೆ ತಗೊಂಡು ಹೋಗ್ತಾರಾ?"

ಬೆಂಕಿ ಹಾಕಿದರೆ ಹಾಗೆ, ಹಾಕದಿದ್ದರೆ ಹೀಗೆ. ನಸುಕಿನಿಂದ ಟೈಗ್ ಕಾದಿದ್ದು ಇದಕ್ಕೇ, ಕಾನ್ ಮನೆಯ ಚಿಮಣಿಯಿಂದ ಮೊದಲ ಹೊಗೆ ಏಳಲಿ ಅಂತ. ಈಗ ಅದು ಏಳುವುದರಲ್ಲಿತ್ತು. ಅದನ್ನು ತಾನೇ ಹೊತ್ತು ತಂದು ಊದುತ್ತಿದ್ದ. ಅಜ್ಜಿಯ ಮೇಲಂಗಿಯೊಳಗಿನಿಂದ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು, ಅಷ್ಟಕ್ಕೇ ಸುಸ್ತಾಗಿ ನಿಂತಿತು.

"ನೀನು ಊದ್ತಾ ಇರು, ಆದ್ರೆ ಮೆಲ್ಲಗೆ," ಅಂದ ಟೈಗ್, ಎದ್ದು ನಿಂತು. "ನಾನು ಓಡಿಹೋಗಿ ನಮ್ಮನೇದು ಹಚ್ಚಿಬಿಡ್ತೀನಿ. ನಮ್ಮದೇ ಮೊದಲಾಗ್ಲಿ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಂಥ ಮಾತು ತನ್ನ ಬಾಯಿಂದ ಬರುತ್ತದೆ ಅಂತ ಗೊತ್ತಿದ್ದರೆ ಊರಿನವರ ಎದುರಿಗೇ ಹೇಳುತ್ತಿದ್ದ. ಅವನು ಬಾಗಿಲು ದಾಟಿ ಎರಡು ಹೆಜ್ಜೆ ಓಡಿದವನು ಅಲ್ಲೇ ನಿಂತುಬಿಟ್ಟ.

ಹೊಲದ ಆಚೆ ಅವನ ಮನೆಯ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಎಳೆ ಹೊಗೆಯಲ್ಲ, ನಾಚಿಕೊಂಡು ಏಳುವ ಹೊಗೆಯಲ್ಲ. ದಪ್ಪಗೆ, ಕಪ್ಪಗೆ, ಪಕ್ಕದೂರಿಗೂ ಕಾಣುವ ಹಾಗೆ ನೆಟ್ಟಗೆ ಏಳುತ್ತಿತ್ತು. ಗಾಬ್ನೆಟ್ ಒಲೆಗೆ ಹಸಿ ಹುಲ್ಲನ್ನೂ ಹಾಕಿರಬೇಕು.

"ಊದು ಕಾನ್," ಅಂತ ಟೈಗ್ ಹೊರಗಿನಿಂದಲೇ ಕೂಗಿದ. "ಜೋರಾಗಿ ಊದು. ನಮ್ಮದು ಎದ್ದಾಯ್ತು."

ಕಾನ್‌ನ ಹೊಗೆ ಎರಡನೆಯದಾಯಿತು. ಅದನ್ನು ನೋಡಿದ್ದೇ ತಡ, ನಸುಕಿನಿಂದ ಸಿದ್ಧವಾಗಿ ಕೂತಿದ್ದ ಮೇಲಿನ ಮನೆಗಳು, ಕೆಳಗಿನ ಮನೆಗಳು ಎಲ್ಲವೂ ಒಟ್ಟಿಗೇ ಹೊಗೆ ಬಿಟ್ಟವು. ಬಾಗಿಲು ತೆಗೆಯದವರ ಮನೆಯ ಹೊಗೆಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಹೆಂಟೆ ಹತ್ತಿಕೊಂಡಿತು. ನೀರು ಕಾಯಿತು. ಹ್ಯಾನಾ ಅಜ್ಜಿ ಖಾನೆಯನ್ನು ಒಲೆಯ ಹತ್ತಿರ ಎಳೆದು, ಟೈಗ್‌ನ ಕೈಯಿಂದ ಇಕ್ಕಳ ಕಿತ್ತುಕೊಂಡು ಅದರ ಮೇಲೆ ಅಡ್ಡ ಇಟ್ಟಳು. ಕಬ್ಬಿಣ ಅಡ್ಡವಿದ್ದರೆ ಗುಡ್ಡದವರು ಮಗು ಮುಟ್ಟುವುದಿಲ್ಲ. ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಮಗು ಅತ್ತಿತು. ಈ ಸಲ ನಿಲ್ಲಿಸಲಿಲ್ಲ. ಒಳಕೋಣೆಯಿಂದ ಜೂಲಿಯಾ ಕೂಡ ಅಳುವುದು ಕೇಳಿಸಿತು. ಕಾನ್ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮೂಗು ಸೀನಿಕೊಂಡ. ಟೈಗ್ ತನ್ನ ಬೆಂಕಿಯ ಪಕ್ಕ ಕೂತಿದ್ದ, ಅದು ತನ್ನದು ಅಂತ ಹೇಳಿದ್ದನ್ನು ಮರೆತೇಬಿಟ್ಟಿದ್ದ.

ಅವನು ಮನೆಗೆ ಬಂದಾಗ ಗಾಬ್ನೆಟ್ ಎರಡನೇ ಲೋಟ ಚಹಾ ಕುಡಿಯುತ್ತಿದ್ದಳು. ಮುಖ, ಮೂಗು ಎಲ್ಲ ಮಸಿ.

"ಅತ್ತಿತಾ?" ಅಂದಳು.

"ಅತ್ತಿತು. ಕಾನ್‌ನ ಗಂಟಲೇ. ಇಡೀ ಊರಿಗೆ ಕೇಳುತ್ತೆ."

ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದುಕೊಂಡಳು. ಟೈಗ್ ಅವಳ ಎದುರಿಗೆ ಕೂತ. ತನಗೂ ಒಂದು ಲೋಟ ಚಹಾ ಬಗ್ಗಿಸಿಕೊಂಡ.

"ಗಾಬ್ನೆಟ್, ಚಹಾ ತಡೀಲಾರದೆ ಹಚ್ಚಿದ್ದಾ?"

"ಚಹಾನೂ ಬೇಕಿತ್ತು."

"ನೀನು ನಂಬೋಳು. ನಾನಾದ್ರೆ ಸರಿ..."

"ನೀನಾದ್ರೆ ಸರಿ, ನಂಬದೇ ಇರೋನು," ಅಂದಳು. "ಅವನ ಮನೇಲಿ ಇವತ್ತೇ ಬಂದ ಕೂಸಿದೆ. ಅವರು ಅಲ್ಲಿಗೆ ಹೋಗೋ ಬದಲು ಇಲ್ಲಿಗೆ ಬರಲಿ ಅಂತ ಹಚ್ಚಿದೆ. ಈ ಮನೇಲಿ ಒಯ್ಯೋಕೆ ಏನಿದೆ ಟೈಗ್? ನಿನ್ನ ಹಸು ತಾನೆ? ಕರ್ಕೊಂಡು ಹೋಗ್ಲಿ, ಅವರಿಗೆ ಪುಣ್ಯ ಬರುತ್ತೆ."

ಟೈಗ್ ನಗಲು ಹೋದ. ಆಗ ಮೂಲೆಯ ಕಡೆ ಕಣ್ಣು ಹೋಯಿತು. ಬಿತ್ತನೆ ಆಲೂಗಡ್ಡೆಯೆಲ್ಲ ನೆಲದ ಮೇಲೆ ರಾಶಿ ಬಿದ್ದಿತ್ತು. ತೊಟ್ಟಿಲನ್ನು ಒಳಗೂ ಹೊರಗೂ ತೊಳೆದು, ಒಣಗಲಿ ಅಂತ ಬೆಂಕಿಯ ಹತ್ತಿರ ವಾರೆಯಾಗಿ ಇಟ್ಟಿದ್ದಳು.

"ಖಾನೇಲಿ ಮಲಗಿಸಿದಾರಂತೆ," ಅಂದಳು ಗಾಬ್ನೆಟ್, ಅವನ ಕಡೆ ನೋಡದೆ. "ಹ್ಯಾನಾ ಅಜ್ಜಿ ಹೇಳಿ ಕಳಿಸಿದ್ಲು. ಒಣಗಿದ ಮೇಲೆ ಕೊಟ್ಟು ಬಾ."

"ಇವತ್ತು ಮನೆಯಿಂದ ಏನೂ ಹೊರಗೆ ಕೊಡಬಾರದು," ಅಂದ ಟೈಗ್, ಮೆಲ್ಲಗೆ.

"ಗೊತ್ತು. ಗಾಳಿ ಸೇವನೆಗೆ ಕರ್ಕೊಂಡು ಹೋಗು."

ಮಧ್ಯಾಹ್ನ ಅವನು ತೊಟ್ಟಿಲನ್ನು ತಲೆಯ ಮೇಲೆ ಬೋರಲಾಗಿ ಹೊತ್ತು ಹೊಲ ದಾಟಿದ. ಒಳಗಿನಿಂದ ಅವನಿಗೆ ಬರೀ ತನ್ನ ಬೂಟು ಕಾಣುತ್ತಿತ್ತು, ಆದ್ದರಿಂದ ಯಾವ ಕಿಟಕಿಯಲ್ಲಿ ಯಾರಿದ್ದಾರೆ ಅಂತ ನೋಡಬೇಕಾಗಲಿಲ್ಲ. ತೊಟ್ಟಿಲೊಳಗೆ ಇನ್ನೂ ಆಲೂಗಡ್ಡೆಯ ಮಣ್ಣಿನ ವಾಸನೆಯಿತ್ತು. ಕಾನ್‌ನ ಬಾಗಿಲು ಮುಟ್ಟುವ ತನಕ ಅವನು ತಲೆ ಹೊರಗೆ ತೆಗೆಯಲಿಲ್ಲ, ಯಾಕೆಂದರೆ ಅಳುತ್ತಿದ್ದ.

ಹೀಗೆ ಅವತ್ತು ಡಿನೀನ್ ಮನೆಯಿಂದ ಬೆಂಕಿ ಹೋಯಿತು, ಮೊದಲ ಹೊಗೆ ಹೋಯಿತು, ಇಕ್ಕಳ ಹೋಯಿತು, ತೊಟ್ಟಿಲೂ ಹೋಯಿತು. ಟೈಗ್ ರಾತ್ರಿ ಮಲಗುವ ಮುಂಚೆ ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟ. ಬೆಳಿಗ್ಗೆ ಹೋಗಿ ನೋಡಿದರೆ ಹಸು ಅಲ್ಲೇ ನಿಂತು ರೆಪ್ಪೆ ಬಡಿಯುತ್ತಿತ್ತು. ಗುಡ್ಡದವರಿಗೂ ಅದು ಬೇಕಾಗಿರಲಿಲ್ಲ.